ಗೋಡೆಯೊಳಗಿನ ಲೆಕ್ಕ

ಹೊಸ ಮನೆಯ ಗೃಹಪ್ರವೇಶಕ್ಕೆ ಹೋದವರು ಏನೇನನ್ನು ನೋಡುತ್ತಾರೆ? ಬಾಗಿಲಿನ ಕೆತ್ತನೆ ನೋಡುತ್ತಾರೆ, ನೆಲದ ಹೊಳಪು ನೋಡುತ್ತಾರೆ, ಅಡಿಗೆಮನೆಯ ಕಪಾಟುಗಳನ್ನು ಒಂದೊಂದಾಗಿ ತೆರೆದು ನೋಡುತ್ತಾರೆ. ಗೋಡೆಯೊಳಗೆ ಹೂತಿರುವ ನೀರಿನ ಪೈಪು ಎಷ್ಟು ಅಗಲದ್ದು ಎಂದು ಕೇಳಿದ ನೆಂಟರನ್ನು ನೀವು ಕಂಡಿರಲಾರಿರಿ. ನೆಂಟರು ಊಟ ಮುಗಿಸಿ ಹೊರಡುತ್ತಾರೆ, ಮನೆಯವರು ಉಳಿಯುತ್ತಾರೆ. ಮೂರನೆಯ ದಿನ ಮಹಡಿಯ ಬಚ್ಚಲಿನಲ್ಲಿ ಒಬ್ಬರು ಸ್ನಾನಕ್ಕೆ ನಿಂತಿರುವಾಗ ಕೆಳಗೆ ಪಾತ್ರೆ ತೊಳೆಯಲು ನಲ್ಲಿ ತಿರುಗಿಸಿದರೆ, ಮೇಲಿನ ಧಾರೆ ನೂಲಿನಷ್ಟಾಗುತ್ತದೆ. ಆಗ ನಾವು ಪ್ಲಂಬರನನ್ನು ಬೈಯುತ್ತೇವೆ, ಟ್ಯಾಂಕನ್ನು ಬೈಯುತ್ತೇವೆ. ಆದರೆ ಬೈಗುಳಕ್ಕೆ ಸಲ್ಲತಕ್ಕದ್ದು ಬೇರೊಂದು ಉಂಟು. ಗೋಡೆ ಏಳುವುದಕ್ಕೆ ಮುಂಚೆ ಮಾಡಬೇಕಾಗಿದ್ದ ಒಂದು ಲೆಕ್ಕವನ್ನು ಯಾರೂ ಮಾಡಿರಲಿಲ್ಲ, ಇಲ್ಲವೆ ಸರಿಯಾಗಿ ಮಾಡಿರಲಿಲ್ಲ.

ಈ ಲೆಕ್ಕ ಮಾಡುವವರೇ ಕಟ್ಟಡ ಸೇವೆಗಳ ಇಂಜಿನಿಯರುಗಳು. ಕಟ್ಟಡ ಬೀಳದಂತೆ ನೋಡಿಕೊಳ್ಳುವವರು ಒಬ್ಬರು. ಅದರೊಳಗೆ ನೀರು ಹರಿಯುವಂತೆ, ಕೊಳೆ ಹೊರಹೋಗುವಂತೆ, ದೀಪ ಉರಿಯುವಂತೆ, ಗಾಳಿ ಆಡುವಂತೆ, ಬೆಂಕಿ ಬಿದ್ದರೆ ಆರಿಸಲು ಅನುಕೂಲವಿರುವಂತೆ ನೋಡಿಕೊಳ್ಳುವವರು ಇವರು. ಹಿಂದೆ ಇದನ್ನೆಲ್ಲ ಮೇಸ್ತ್ರಿಯೂ ಪ್ಲಂಬರನೂ ಅನುಭವದಿಂದಲೇ ತೂಗಿಸುತ್ತಿದ್ದರು. ಒಂದು ಮನೆಗೆ ಅದು ಸಾಕಾಗುತ್ತಿತ್ತು. ಆದರೆ ಮೂರು ಅಂತಸ್ತಿನ ನರ್ಸಿಂಗ್ ಹೋಮಿಗೆ, ನೂರು ಮಕ್ಕಳ ಹಾಸ್ಟೆಲಿಗೆ, ಸಾವಿರ ಜನ ಉಣ್ಣುವ ಕಲ್ಯಾಣ ಮಂಟಪಕ್ಕೆ ಬರಿಯ ಕೈಯಂದಾಜು ಸಾಲದು. ಈಗ ಆ ಲೆಕ್ಕವನ್ನು ಕಂಪ್ಯೂಟರು ಮಾಡುತ್ತದೆ. ಮಾಡಿಸುವುದಕ್ಕೆ ಬೇಕಾದ ಸಾಫ್ಟ್‌ವೇರನ್ನು ಇಂಜಿನಿಯರು ಕೊಳ್ಳಬೇಕು. ಯಾವುದನ್ನು ಕೊಳ್ಳಬೇಕು ಎಂಬುದೇ ಇಂದಿನ ಮಾತಿನ ವಿಷಯ.

‘ಇದು ಇಂಜಿನಿಯರುಗಳ ಮಾತು, ನಮಗೇಕೆ?’ ಎಂದು ನೀವು ಕೇಳಬಹುದು. ನಿಮಗೆ ಎರಡು ಕಾರಣಗಳಿಂದ ಬೇಕು. ನಿಮ್ಮ ಮನೆಯ ಮಗನೋ ಮಗಳೋ ಓದು ಮುಗಿಸಿ ಸ್ವಂತ ಕಚೇರಿ ತೆರೆಯುತ್ತೇನೆಂದಾಗ ಮೊದಲ ವರ್ಷದ ಹಣ ಬರುವುದು ನಿಮ್ಮ ಪೆಟ್ಟಿಗೆಯಿಂದ. ಎರಡನೆಯದಾಗಿ, ಅವರು ಮಾಡಿದ ಲೆಕ್ಕ ಬಂದು ಕೂರುವುದು ನಿಮ್ಮಂಥವರ ಗೋಡೆಯೊಳಗೆ. ಒಮ್ಮೆ ಗಾರೆ ಮೆತ್ತಿದ ಮೇಲೆ ತಪ್ಪನ್ನು ತಿದ್ದಬೇಕಾದರೆ ಗೋಡೆಯನ್ನೇ ಒಡೆಯಬೇಕು.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಊರನ್ನು ಹಿಡಿದುಕೊಳ್ಳೋಣ. ಮೈಸೂರಿನಿಂದ ಊಟಿಗೆ ಹೋಗುವ ಹೆದ್ದಾರಿಯಲ್ಲಿ ನಂಜನಗೂಡು ದಾಟಿ ಗುಂಡ್ಲುಪೇಟೆ ಸೇರುವ ಮೊದಲು ಬೇಗೂರು ಸಿಗುತ್ತದೆ. ಗುಂಡ್ಲುಪೇಟೆ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ೧೯೯೭ರಲ್ಲಿ ಮೈಸೂರು ಜಿಲ್ಲೆಯಿಂದ ಬೇರೆಯಾದ ಚಾಮರಾಜನಗರ ಜಿಲ್ಲೆಗೆ ಸೇರಿದ್ದು. ಮುಂದೆ ಬಂಡೀಪುರದ ಕಾಡು, ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಇಂಥ ಊರಿನಲ್ಲಿ ಇಬ್ಬರು ತರುಣ ಇಂಜಿನಿಯರುಗಳು ಕೂಡಿ, ನಕ್ಷೆ ಬರೆಯುವ ಒಬ್ಬ ಸಹಾಯಕನನ್ನಿಟ್ಟುಕೊಂಡು, ಒಂದು ಪುಟ್ಟ ಕಚೇರಿ ತೆರೆದರೆಂದು ಇಟ್ಟುಕೊಳ್ಳಿ. ಮೇಜು ಬಂತು, ಕಂಪ್ಯೂಟರು ಬಂತು. ಸಾಫ್ಟ್‌ವೇರು ಮಾರುವವರಿಂದ ದೂರವಾಣಿಯೂ ಬಂತು. ‘ಎಲ್ಲವನ್ನೂ ಒಂದೇ ತಂತ್ರಾಂಶ ಮಾಡುತ್ತದೆ ಸ್ವಾಮಿ, ಮೈಸೂರಿನಲ್ಲಿ ಎಲ್ಲರೂ ಇದನ್ನೇ ಇಟ್ಟಿದ್ದಾರೆ’ ಎಂಬುದು ಮಾರುವವನ ಮಾತು. ಈಗ ಈ ತರುಣರು ಏನು ಮಾಡಬೇಕು?

ಮೊದಲು ಮಾಡಬೇಕಾದ್ದು, ಮಾರುವವನ ಪಟ್ಟಿಯನ್ನು ಪಕ್ಕಕ್ಕಿಟ್ಟು ತಮ್ಮ ಪಟ್ಟಿಯನ್ನು ಬರೆಯುವುದು. ಬರುವ ವರ್ಷ ಕೈಗೆ ಬರಬಹುದಾದ ಕೆಲಸ ಯಾವುವು? ನಾಲ್ಕೋ ಐದೋ ಮನೆಗಳು, ಒಂದು ಶಾಲೆ, ಹೆದ್ದಾರಿಯ ಮೇಲೆ ಒಂದು ಲಾಡ್ಜು, ಒಂದು ಕಲ್ಯಾಣ ಮಂಟಪ, ಪಂಚಾಯಿತಿಯ ನೀರಿನ ಕೆಲಸ ಒಂದಿಷ್ಟು. ಇದರಲ್ಲಿ ನೀರಿನ ಲೆಕ್ಕ ಎಲ್ಲದರಲ್ಲೂ ಉಂಟು. ವಿದ್ಯುತ್ತಿನ ಲೆಕ್ಕ ಎಲ್ಲದರಲ್ಲೂ ಉಂಟು. ಹವಾನಿಯಂತ್ರಣದ ಲೆಕ್ಕ ಬಹುಶಃ ಒಂದೆರಡರಲ್ಲಿ. ಹತ್ತರಲ್ಲಿ ಒಂದು ಕೆಲಸಕ್ಕೆ ಬೇಕಾಗುವ ಸಲಕರಣೆಗೆ ಹತ್ತೂ ಕೆಲಸಗಳ ಸಂಪಾದನೆಯನ್ನು ಸುರಿಯುವುದು ಜಾಣತನವಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರಿಗೆ ಕಂಪ್ಯೂಟರು ಗೊತ್ತಿರಲಿಲ್ಲ, ಲೆಕ್ಕ ಗೊತ್ತಿತ್ತು.

ಇನ್ನು ಈ ತಂತ್ರಾಂಶಗಳ ಕುಲಗೋತ್ರ ವಿಚಾರಿಸೋಣ. ಸ್ಥೂಲವಾಗಿ ಮೂರು ಬಗೆ. ಒಂದು, ಬರಿಯ ನಕ್ಷೆ ಬರೆಯುವವು. ೧೯೮೨ರಲ್ಲಿ ಹೊರಬಂದ ಆಟೋಕ್ಯಾಡ್ ಇವುಗಳಲ್ಲಿ ಹೆಸರಾದದ್ದು. ಇದು ಗೆರೆಯನ್ನು ಗೆರೆಯೆಂದೇ ತಿಳಿಯುತ್ತದೆ. ಆ ಗೆರೆ ನೀರಿನ ಪೈಪೋ ವಿದ್ಯುತ್ತಿನ ತಂತಿಯೋ ಅದಕ್ಕೆ ಬೇಕಿಲ್ಲ. ಎರಡು, ಬರಿಯ ಲೆಕ್ಕ ಮಾಡುವವು. ಪೈಪುಗಳ ಜಾಲದಲ್ಲಿ ಒತ್ತಡವೆಷ್ಟು, ಕೋಣೆಯಲ್ಲಿ ಬೆಳಕೆಷ್ಟು, ಸಭಾಂಗಣವನ್ನು ತಂಪು ಮಾಡಲು ಎಷ್ಟು ಟನ್ನಿನ ಯಂತ್ರ ಬೇಕು, ಹೀಗೆ ಒಂದೊಂದು ವಿಷಯಕ್ಕೆ ಒಂದೊಂದು. ಮೂರು, ಎರಡನ್ನೂ ಕೂಡಿಸಿ ಕಟ್ಟಡವನ್ನೇ ಕಂಪ್ಯೂಟರಿನೊಳಗೆ ಮೂರು ಆಯಾಮಗಳಲ್ಲಿ ಕಟ್ಟುವವು. ೨೦೦೨ರಲ್ಲಿ ಆಟೋಡೆಸ್ಕ್ ಕಂಪನಿಯ ಕೈಸೇರಿದ ರೆವಿಟ್ ಈ ಬಗೆಯದು. ಅದಕ್ಕೆ ಜೋಡಿಯಾಗಿ ಫಿನ್ಲೆಂಡಿನಲ್ಲಿ ಹುಟ್ಟಿದ ಮ್ಯಾಜಿಕ್ಯಾಡ್‌ನಂಥವೂ ಉಂಟು.

ಮೂರನೆಯ ಬಗೆಯ ಗುಣವನ್ನು ಅಲ್ಲಗಳೆಯುವಂತಿಲ್ಲ. ಬಚ್ಚಲಿನ ಕೊಳೆನೀರಿನ ಪೈಪು ಇಳಿಜಾರಾಗಿ ಹೋಗಬೇಕು. ಆರು ಮೀಟರು ದೂರಕ್ಕೆ ಸುಮಾರು ಹತ್ತು ಸೆಂಟಿಮೀಟರು ಇಳಿಯಬೇಕೆಂದುಕೊಳ್ಳಿ. ಕಾಗದದ ಮೇಲೆ ಅದು ಬರಿಯ ಗೆರೆ. ಕಟ್ಟಡದಲ್ಲಿ ಅದೇ ಜಾಗಕ್ಕೆ ಕಾಂಕ್ರೀಟಿನ ತೊಲೆ ಅಡ್ಡ ಬರುತ್ತದೆ. ಕೆಲಸಗಾರ ತೊಲೆಯನ್ನೇ ಕೊರೆಯುತ್ತಾನೆ. ಮೂರು ಆಯಾಮದ ತಂತ್ರಾಂಶದಲ್ಲಿ ಈ ಡಿಕ್ಕಿ ಮೊದಲೇ ಕಾಣುತ್ತದೆ. ದೊಡ್ಡ ಆಸ್ಪತ್ರೆಗೆ ಇದು ಬಹಳ ಬೆಲೆಯುಳ್ಳ ಸಹಾಯ. ಆದರೆ ಇದನ್ನು ಕಲಿಯುವುದಕ್ಕೆ ತಿಂಗಳುಗಳು ಬೇಕು, ಬಲವಾದ ಕಂಪ್ಯೂಟರು ಬೇಕು, ವಾಸ್ತುಶಿಲ್ಪಿಯೂ ಅದೇ ತಂತ್ರಾಂಶದಲ್ಲಿ ಕಟ್ಟಡವನ್ನು ಬರೆದುಕೊಡಬೇಕು. ಅವರು ಚಪ್ಪಟೆ ನಕ್ಷೆಯನ್ನು ಕೊಟ್ಟರೆ, ನಮ್ಮ ತರುಣರು ಅವರ ಕಟ್ಟಡವನ್ನೂ ತಾವೇ ಸಂಬಳವಿಲ್ಲದೆ ಕಟ್ಟಿಕೊಳ್ಳಬೇಕಾಗುತ್ತದೆ.

ಈಗ ಲೆಕ್ಕದ ಒಳಗೇ ಒಮ್ಮೆ ಇಣಿಕಿ ನೋಡೋಣ. ಯಂತ್ರ ಎಲ್ಲಿ ಸಹಾಯ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದು ಆಗ ತಿಳಿಯುತ್ತದೆ. ಒಂದು ಇಂಚಿನ ಪೈಪಿನ ಬದಲು ಅರ್ಧ ಇಂಚಿನದನ್ನು ಹಾಕಿದರೆ ನೀರು ಅರ್ಧವಾಗುತ್ತದೆ ಎಂದು ಅನೇಕರ ಎಣಿಕೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೇಜನ್ ಮತ್ತು ವಿಲಿಯಮ್ಸ್ ಎಂಬ ಅಮೆರಿಕದ ಇಂಜಿನಿಯರುಗಳು ಕಟ್ಟಿಕೊಟ್ಟ ಸೂತ್ರದಂತೆ ನೋಡಿದರೆ, ಅಷ್ಟೇ ಒತ್ತಡದಲ್ಲಿ ಅದು ಆರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅದೇ ಸೂತ್ರದಲ್ಲಿ ಪೈಪಿನ ಒಳಮೈಯ ನುಣುಪಿಗೂ ಒಂದು ಅಂಕ ಉಂಟು. ಹೊಸ ಪ್ಲಾಸ್ಟಿಕ್ ಪೈಪಿಗೆ ಅದು ೧೪೦ರ ಮೇಲೆ. ತುಕ್ಕು ಹಿಡಿದ ಹಳೆಯ ಕಬ್ಬಿಣದ ಪೈಪಿಗೆ ೧೦೦, ಇಲ್ಲವೆ ಅದಕ್ಕೂ ಕಡಿಮೆ. ೧೪೦ ಇದ್ದದ್ದು ೧೦೦ಕ್ಕೆ ಇಳಿದರೆ ಹರಿವು ನೂರಕ್ಕೆ ಎಪ್ಪತ್ತೊಂದು ಪಾಲಾಗುತ್ತದೆ. ಕೊಳವೆ ಬಾವಿಯ ಗಡಸು ನೀರನ್ನು ಬಳಸುವ ಊರುಗಳಲ್ಲಿ ಪೈಪಿನೊಳಗೆ, ಗೀಸರಿನೊಳಗೆ ಸುಣ್ಣದ ಪದರ ಕೂರುವುದನ್ನು ಗೃಹಿಣಿಯರೆಲ್ಲ ಬಲ್ಲರು. ಆದುದರಿಂದ ಮೊದಲ ಪ್ರಶ್ನೆ ಇದು: ಈ ತಂತ್ರಾಂಶದಲ್ಲಿ ಆ ಅಂಕವನ್ನು ನಾವು ಬದಲಾಯಿಸಬಹುದೆ? ಹತ್ತು ವರ್ಷದ ಮೇಲಿನ ಪೈಪನ್ನು ಮನಸ್ಸಿನಲ್ಲಿಟ್ಟು ಲೆಕ್ಕ ಮಾಡಬಹುದೆ? ಒಳಗಿರುವ ಅಂಕವನ್ನು ತೋರಿಸದೆ ಉತ್ತರವನ್ನು ಮಾತ್ರ ಹೇಳುವ ತಂತ್ರಾಂಶ ಎಷ್ಟೇ ಚೆಲುವಾಗಿದ್ದರೂ ಅದನ್ನು ನಂಬುವಂತಿಲ್ಲ.

ಎರಡನೆಯದು ಇನ್ನೂ ಸ್ವಾರಸ್ಯವಾದದ್ದು. ಒಂದು ಕಟ್ಟಡದಲ್ಲಿ ಅರವತ್ತು ನಲ್ಲಿಗಳಿದ್ದರೆ ಅರವತ್ತೂ ಒಟ್ಟಿಗೆ ತೆರೆದಿರುವುದಿಲ್ಲ. ಹಾಗಾದರೆ ಎಷ್ಟು ತೆರೆದಿರುತ್ತವೆ? ಅಮೆರಿಕದ ರಾಯ್ ಹಂಟರ್ ಎಂಬಾತ ೧೯೪೦ರಲ್ಲಿ ಇದಕ್ಕೆ ಸಂಭವನೀಯತೆಯ ಗಣಿತವನ್ನು ಹೂಡಿ ಒಂದು ಕೋಷ್ಟಕವನ್ನು ಕೊಟ್ಟ. ಇಂದಿಗೂ ಎಷ್ಟೋ ತಂತ್ರಾಂಶಗಳ ಹೊಟ್ಟೆಯಲ್ಲಿ ಕುಳಿತಿರುವುದು ಆತನ ಆ ಕೋಷ್ಟಕವೇ. ಅದರ ಬುಡದಲ್ಲಿ ಒಂದು ನಂಬಿಕೆ ಉಂಟು: ಒಬ್ಬರು ನಲ್ಲಿ ತೆರೆಯುವುದಕ್ಕೂ ಇನ್ನೊಬ್ಬರು ತೆರೆಯುವುದಕ್ಕೂ ಸಂಬಂಧವಿಲ್ಲ.

ಈ ನಂಬಿಕೆಯನ್ನು ಬೇಗೂರಿನ ಹೆದ್ದಾರಿಗೆ ತಂದು ನೋಡಿ. ಬಂಡೀಪುರದ ಕಾಡಿನ ರಸ್ತೆಯಲ್ಲಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ವಾಹನ ಸಂಚಾರಕ್ಕೆ ೨೦೦೯ರಿಂದ ನಿಷೇಧವುಂಟು. ತಡವಾಗಿ ಬಂದ ಪ್ರಯಾಣಿಕರು ಕಾಡಿನ ಈಚೆಯಲ್ಲೇ ಇಳಿದುಕೊಳ್ಳಬೇಕು. ಬೆಳಗ್ಗೆ ಆರಕ್ಕೆ ದಾರಿ ತೆರೆಯುವ ಹೊತ್ತಿಗೆ ಸಿದ್ಧರಾಗಿರಬೇಕು. ಆದಕಾರಣ ಇಂಥ ಲಾಡ್ಜಿನಲ್ಲಿ ಐದು ಗಂಟೆಗೆ ಎಲ್ಲರಿಗೂ ಒಟ್ಟಿಗೆ ಸ್ನಾನದ ನೆನಪಾಗುತ್ತದೆ! ಇಪ್ಪತ್ತು ಕೋಣೆಗಳ ಲಾಡ್ಜು ಎಂದುಕೊಳ್ಳೋಣ. ಹಂಟರನ ಕ್ರಮದಂತೆ ಬಚ್ಚಲೊಂದಕ್ಕೆ ೬ ಅಂಶ, ಇಪ್ಪತ್ತಕ್ಕೆ ೧೨೦. ಆತನ ಕೋಷ್ಟಕ ೧೨೦ ಅಂಶಗಳಿಗೆ ಹೇಳುವ ಹರಿವು ನಿಮಿಷಕ್ಕೆ ಸುಮಾರು ೧೮೦ ಲೀಟರು. ಆದರೆ ನಮ್ಮವರು ಬಕೆಟ್ ತುಂಬಿಸಿಕೊಂಡು ಸ್ನಾನ ಮಾಡುವವರು. ಬಕೆಟ್ಟಿನ ನಲ್ಲಿಯೊಂದಕ್ಕೆ ನಿಮಿಷಕ್ಕೆ ೧೨ ಲೀಟರೆಂದರೂ ಇಪ್ಪತ್ತಕ್ಕೆ ೨೪೦ ಲೀಟರು ಬೇಕು. ಮುಖ ತೊಳೆಯುವುದು, ಫ್ಲಷ್ ತುಂಬುವುದು ಇದರ ಮೇಲೆ. ಇಪ್ಪತ್ತು ಗೀಸರುಗಳೂ ಆಗಲೇ ಉರಿಯುತ್ತವೆ. ಒಂದೊಂದು ಎರಡು ಕಿಲೋವ್ಯಾಟಿನದಾದರೆ ನಲವತ್ತು ಕಿಲೋವ್ಯಾಟು. ಅರ್ಧದಷ್ಟು ಮಾತ್ರ ಒಂದೇ ಹೊತ್ತಿಗೆ ಉರಿಯುತ್ತವೆಂದು ತಂತ್ರಾಂಶ ತಾನೇ ಊಹಿಸಿಕೊಂಡು ಇಪ್ಪತ್ತು ಕಿಲೋವ್ಯಾಟಿಗೆ ತಂತಿಯನ್ನು ಆರಿಸಿದ್ದರೆ, ಆ ತಂತಿ ಬೆಳಗಿನ ಜಾವದಲ್ಲಿ ಬಿಸಿಯೇರುತ್ತದೆ. ಅದೃಷ್ಟವಿದ್ದರೆ ಸ್ವಿಚ್ಚು ಬಿದ್ದು ಕತ್ತಲಾಗುತ್ತದೆ, ಇಲ್ಲದಿದ್ದರೆ ಇನ್ನೂ ಕೆಟ್ಟದ್ದೂ ಆಗಬಹುದು.

ಕಲ್ಯಾಣ ಮಂಟಪದ ಕಥೆಯೂ ಹೀಗೆಯೇ. ಮುಹೂರ್ತ ಒಂದೇ, ಪಂಕ್ತಿ ಒಂದೇ, ಕೈತೊಳೆಯುವ ಹೊತ್ತೂ ಒಂದೇ. ಸ್ವಾರಸ್ಯವೇನೆಂದರೆ, ಅದೇ ಕೋಷ್ಟಕ ಸಾಮಾನ್ಯ ವಸತಿ ಕಟ್ಟಡಗಳಿಗೆ ಅಗತ್ಯಕ್ಕಿಂತ ದೊಡ್ಡ ಪೈಪನ್ನು ಹೇಳುವುದುಂಟು. ಈಗಿನ ನಲ್ಲಿಗಳೂ ಫ್ಲಷ್‌ಗಳೂ ಅಂದಿನಷ್ಟು ನೀರನ್ನು ಎಳೆಯುವುದಿಲ್ಲ. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ. ಊರಿನ ನಡವಳಿಕೆಯನ್ನು ಬಲ್ಲ ಮನುಷ್ಯ ನಡುವೆ ನಿಂತು ಇದನ್ನು ತಿದ್ದಬೇಕು. ತಿದ್ದಲು ಅವಕಾಶ ಕೊಡುವ ತಂತ್ರಾಂಶ ಬೇಗೂರಿಗೆ ತಕ್ಕದ್ದು. ಕೊಡದಿರುವುದು ಎಷ್ಟು ಪ್ರಸಿದ್ಧವಾದರೂ ತಕ್ಕದ್ದಲ್ಲ.

ಮೂರನೆಯ ಪ್ರಶ್ನೆ, ಅದು ಯಾವ ದೇಶದ ಕಟ್ಟಳೆಯನ್ನು ಓದಿಕೊಂಡಿದೆ ಎಂಬುದು. ನಮ್ಮಲ್ಲಿ ರಾಷ್ಟ್ರೀಯ ಕಟ್ಟಡ ಸಂಹಿತೆ ಮೊದಲು ಬಂದದ್ದು ೧೯೭೦ರಲ್ಲಿ. ಅದರ ೨೦೧೬ರ ಆವೃತ್ತಿಯಲ್ಲಿ ಅಗ್ನಿರಕ್ಷಣೆಗೆ ನಾಲ್ಕನೆಯ ಭಾಗ, ಕಟ್ಟಡ ಸೇವೆಗಳಿಗೆ ಎಂಟನೆಯ ಭಾಗ, ಕೊಳಾಯಿ ಕೆಲಸಕ್ಕೆ ಒಂಬತ್ತನೆಯ ಭಾಗ ಮೀಸಲಾಗಿವೆ. ನೀರಿನ ಅಗತ್ಯವನ್ನು ಹೇಳುವ ಐ.ಎಸ್. ೧೧೭೨ ಎಂಬ ೧೯೯೩ರ ಭಾರತೀಯ ಮಾನಕದಂತೆ ದಿನಕ್ಕೆ ಹಗಲು ಶಾಲೆಗೆ ತಲೆಗೆ ೪೫ ಲೀಟರು, ಹೋಟೆಲಿಗೆ ಹಾಸಿಗೆಯೊಂದಕ್ಕೆ ೧೮೦, ನೂರು ಹಾಸಿಗೆಯವರೆಗಿನ ಆಸ್ಪತ್ರೆಗೆ ಹಾಸಿಗೆಯೊಂದಕ್ಕೆ ೩೪೦. ೨೦೧೯ರಲ್ಲಿ ಆರಂಭವಾದ ಜಲ ಜೀವನ ಯೋಜನೆಯಲ್ಲಿ ಹಳ್ಳಿಯ ಮನೆಗೆ ತಲೆಗೆ ೫೫ ಲೀಟರೆಂದು ಗೊತ್ತುಮಾಡಿದರು. ನಮ್ಮ ಲಾಡ್ಜಿನ ನಲವತ್ತು ಹಾಸಿಗೆಗೆ, ಈ ಲೆಕ್ಕದಂತೆ, ದಿನಕ್ಕೆ ೭,೨೦೦ ಲೀಟರಿನ ಸಂಗ್ರಹ ಬೇಕಾಗುತ್ತದೆ. ಪರದೇಶದ ತಂತ್ರಾಂಶದಲ್ಲಿ ಈ ಅಂಕಗಳಿರುವುದಿಲ್ಲ, ನಾವೇ ತುಂಬಬೇಕು.

ಅಳತೆಯ ವಿಚಾರದಲ್ಲೂ ಎಚ್ಚರ ಬೇಕು. ಗ್ಯಾಲನ್ ಎಂದರೆ ನಮ್ಮ ಹಿರಿಯರ ಮನಸ್ಸಿಗೆ ಬರುವುದು ನಾಲ್ಕೂವರೆ ಲೀಟರಿನ ಬ್ರಿಟಿಷ್ ಗ್ಯಾಲನ್. ಅಮೆರಿಕದ ಗ್ಯಾಲನ್ ೩.೭೮೫ ಲೀಟರು. ಒಂದನ್ನು ಇನ್ನೊಂದೆಂದು ತಿಳಿದರೆ ಐದರಲ್ಲಿ ಒಂದು ಪಾಲಿನಷ್ಟು ಲೆಕ್ಕ ತಪ್ಪುತ್ತದೆ. ತಂಪುಗೊಳಿಸುವ ಲೆಕ್ಕಕ್ಕೆ ಊರಿನ ಹವಾಮಾನದ ಅಂಕಿಗಳು ಬೇಕು. ಅವು ಸಾಮಾನ್ಯವಾಗಿ ದೊಡ್ಡ ಪಟ್ಟಣಗಳಿಗೇ ಸಿದ್ಧವಾಗಿರುತ್ತವೆ. ಮದರಾಸಿನ ಸೆಖೆಯನ್ನು ಕಾಡಂಚಿನ ಊರಿಗೆ ಆರೋಪಿಸಿದರೆ ಯಜಮಾನರು ಬೇಡದ ಯಂತ್ರಕ್ಕೆ ಹಣ ತೆರುತ್ತಾರೆ. ಪ್ರತಿ ತಿಂಗಳ ಕರೆಂಟು ಬಿಲ್ಲಿನಲ್ಲೂ ತೆರುತ್ತಾರೆ.

‘ಇಷ್ಟು ಅನುಮಾನವೇಕೆ? ಕಂಪ್ಯೂಟರು ತಪ್ಪು ಮಾಡುತ್ತದೆಯೆ?’ ಎನ್ನುವವರಿಗೆ ನಾರ್ವೆ ದೇಶದ ಒಂದು ಸಂಗತಿಯನ್ನು ಹೇಳಬಹುದು. ಸಮುದ್ರದಲ್ಲಿ ಅನಿಲ ತೆಗೆಯುವುದಕ್ಕಾಗಿ ಅಲ್ಲಿ ಸ್ಲೈಪ್ನರ್ ಎಂಬ ಬೃಹತ್ತಾದ ಕಾಂಕ್ರೀಟಿನ ಪೀಠವನ್ನು ಕಟ್ಟಿದರು. ೧೯೯೧ರ ಆಗಸ್ಟ್ ೨೩ರಂದು ಅದನ್ನು ಪರೀಕ್ಷೆಗಾಗಿ ನೀರಿನಲ್ಲಿ ಇಳಿಸುತ್ತಿರುವಾಗ ಗೋಡೆ ಬಿರಿದು ಪೀಠವೇ ಮುಳುಗಿತು. ಜನರೆಲ್ಲ ಪಾರಾದರು. ವಿಚಾರಿಸಿ ನೋಡಿದಾಗ, ಒಳ್ಳೆಯ ಹೆಸರಿನ ತಂತ್ರಾಂಶದಿಂದಲೇ ಲೆಕ್ಕ ಮಾಡಿದ್ದರು. ಆದರೆ ಅದಕ್ಕೆ ಕಟ್ಟಡದ ಆಕಾರವನ್ನು ಒರಟಾಗಿ ತುಂಬಿದ್ದರಿಂದ ಗೋಡೆಯ ಮೇಲಿನ ಒಂದು ಬಗೆಯ ಒತ್ತಡವನ್ನು ನೂರಕ್ಕೆ ೪೭ರಷ್ಟು ಕಡಿಮೆ ಎಣಿಸಿತ್ತು. ಯಂತ್ರ ತನಗೆ ಕೊಟ್ಟದ್ದನ್ನೇ ಅರೆಯುತ್ತದೆ. ಕೊಟ್ಟದ್ದು ಸರಿಯೇ ಎಂದು ಅದು ಕೇಳುವುದಿಲ್ಲ.

ನಮ್ಮ ನೆರೆಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ೯೨ ಮೈಲಿ ದೂರ ವಿದ್ಯುತ್ತನ್ನು ಹರಿಸಿದ್ದು ೧೯೦೨ರಲ್ಲಿ, ಕಂಪ್ಯೂಟರು ಹುಟ್ಟುವುದಕ್ಕೆ ಎಷ್ಟೋ ಮೊದಲು. ಆ ಕಾಲದ ಇಂಜಿನಿಯರುಗಳ ಕೈಯಲ್ಲಿ ಲಾಗರಿದಮ್ ಕೋಷ್ಟಕವೂ ಸ್ಲೈಡ್ ರೂಲೂ ಇದ್ದವು. ಹಾಗೆಂದು ಹಿಂದಕ್ಕೆ ಹೋಗೋಣವೆಂದು ನಾನು ಹೇಳುತ್ತಿಲ್ಲ. ಉತ್ತರ ಎಷ್ಟಿರಬೇಕೆಂಬ ಅಂದಾಜು ಅವರಿಗೆ ಲೆಕ್ಕಕ್ಕೆ ಮುಂಚೆಯೇ ಇರುತ್ತಿತ್ತು. ಆ ಅಂದಾಜನ್ನು ಕಳೆದುಕೊಳ್ಳದೆ ಹೊಸ ಸಲಕರಣೆಯನ್ನು ಹಿಡಿಯಬೇಕು, ಅಷ್ಟೆ.

ಇನ್ನು ಹಣದ ಮಾತು. ಎಲ್ಲವನ್ನೂ ಹಣ ಕೊಟ್ಟೇ ತರಬೇಕೆಂದಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ೧೯೯೩ರಲ್ಲಿ ಹೊರತಂದ ಎಪಾನೆಟ್ ಎಂಬ ನೀರಿನ ಜಾಲದ ತಂತ್ರಾಂಶ ಎಲ್ಲರಿಗೂ ಉಚಿತ. ಊರಿಗೆ ನೀರು ಹಂಚಲು ಮಾಡಿದ್ದಾದರೂ ಹಾಸ್ಟೆಲಿನ ಪೈಪುಗಳನ್ನು ಪರೀಕ್ಷಿಸಲೂ ಆದೀತು. ಮುಂಬಯಿಯ ಐ.ಐ.ಟಿ.ಯವರು ಹಳ್ಳಿಗಳ ನೀರಿನ ಯೋಜನೆಗಾಗಿ ‘ಜಲತಂತ್ರ’ ಎಂಬುದನ್ನು ಸಿದ್ಧಪಡಿಸಿ ಉಚಿತವಾಗಿ ಇಟ್ಟಿದ್ದಾರೆ. ಮಾರುಕಟ್ಟೆಯಲ್ಲಿ ಸಿಗುವ ಪೈಪುಗಳಲ್ಲಿ ಯಾವುದನ್ನು ಎಲ್ಲಿ ಹಾಕಿದರೆ ಖರ್ಚು ಕಡಿಮೆ ಎಂಬುದನ್ನು ಅದು ಹೇಳುತ್ತದೆ. ಪಂಚಾಯಿತಿಯ ಕೆಲಸಕ್ಕೆ ಇದು ಹೇಳಿ ಮಾಡಿಸಿದಂತಿದೆ. ಕಟ್ಟಡದ ಶಾಖದ ಲೆಕ್ಕಕ್ಕೆ ಅಮೆರಿಕದ ಇಂಧನ ಇಲಾಖೆಯ ಎನರ್ಜಿಪ್ಲಸ್ ಉಂಟು. ಬೆಲೆಯಿಲ್ಲ, ಆದರೆ ಕಲಿಯಲು ತಾಳ್ಮೆ ಬೇಕು. ಬೆಳಕಿನ ಲೆಕ್ಕಕ್ಕೆ ಜರ್ಮನಿಯ ಡಿಯಾಲಕ್ಸ್ ಉಂಟು. ಅದರ ಮೂಲ ರೂಪ ಉಚಿತ. ಶಾಲೆಯ ಕೋಣೆಗೆ ಬೇಕೆನ್ನುವ ೩೦೦ ಲಕ್ಸ್ ಬೆಳಕು ಮಕ್ಕಳ ಮೇಜಿನ ಮೇಲೆ ಬೀಳುತ್ತದೆಯೇ ಎಂಬುದನ್ನು ದೀಪ ಕೊಳ್ಳುವ ಮೊದಲೇ ಅದರಲ್ಲಿ ನೋಡಬಹುದು. ಆದರೆ ಉಚಿತವಾದದ್ದಕ್ಕೂ ಯಾರೋ ಹಣ ಕೊಟ್ಟಿರುತ್ತಾರೆ. ಡಿಯಾಲಕ್ಸಿನ ಬೆನ್ನಿಗೆ ನಿಂತವರು ದೀಪ ತಯಾರಕರು. ಅವರ ದೀಪಗಳೇ ಅದರಲ್ಲಿ ಮುಂದೆ ನಿಲ್ಲುತ್ತವೆ. ಇದರಲ್ಲಿ ಮೋಸವೇನೂ ಇಲ್ಲ. ಬಳಸುವವರಿಗೆ ಗೊತ್ತಿದ್ದರೆ ಸಾಕು.

ಹಣ ಕೊಟ್ಟು ತರುವವುಗಳ ವಿಷಯದಲ್ಲಿ ಕಾಲ ಬದಲಾಗಿದೆ. ಮೊದಲು ತಂತ್ರಾಂಶವನ್ನು ಒಮ್ಮೆ ಕೊಂಡರೆ ಅದು ನಿಮ್ಮದು. ಆಟೋಡೆಸ್ಕ್ ಕಂಪನಿ ೨೦೧೬ರಲ್ಲಿ ಶಾಶ್ವತ ಲೈಸೆನ್ಸಿನ ಮಾರಾಟವನ್ನು ನಿಲ್ಲಿಸಿ ಬಾಡಿಗೆಯ ಪದ್ಧತಿಗೆ ಬಂತು. ಬೇರೆ ಅನೇಕರದ್ದೂ ಈಗ ಅದೇ ದಾರಿ. ಕೆಲಸ ಬರಲಿ ಬಾರದಿರಲಿ, ವರ್ಷ ತಿರುಗಿದೊಡನೆ ಬಾಡಿಗೆ ಕೊಡಬೇಕು. ಆದುದರಿಂದ ತರುಣರು ಬಾಡಿಗೆಯನ್ನು ವರ್ಷದ ಕೆಲಸಗಳ ಸಂಖ್ಯೆಯಿಂದ ಭಾಗಿಸಿ ನೋಡಲಿ. ಅದು ಉಳಿಸಿಕೊಡುವ ದಿನಗಳ ಕೂಲಿಗಿಂತ ಆ ಭಾಗ ಕಡಿಮೆಯಾದರೆ ಸರಿ. ಹೆಚ್ಚಾದರೆ ಅದು ಅಲಂಕಾರ. ಕೆಲವನ್ನು ತಿಂಗಳ ಬಾಡಿಗೆಗೂ ಕೊಡುತ್ತಾರೆ. ದೊಡ್ಡ ಕೆಲಸ ಬಂದಾಗ ಎರಡು ತಿಂಗಳು ಪಡೆದು ಬಿಡುವುದು ಹಲವು ವೇಳೆ ಮೇಲು. ಇಂಟರ್‌ನೆಟ್ ಇಲ್ಲದಾಗ ಅದು ಎಷ್ಟು ದಿನ ನಡೆಯುತ್ತದೆ ಎಂಬುದನ್ನೂ ಕೇಳಿ ತಿಳಿಯಬೇಕು.

ಇಲ್ಲೊಂದು ಕಹಿ ಮಾತನ್ನೂ ಆಡಬೇಕಾಗಿದೆ. ‘ಇಷ್ಟೆಲ್ಲ ಏಕೆ? ನನ್ನ ಹತ್ತಿರ ಒಂದು ಕಾಪಿ ಇದೆ, ಹಾಕಿಕೊಡುತ್ತೇನೆ’ ಎನ್ನುವ ಸ್ನೇಹಿತರು ಎಲ್ಲ ಊರಿನಲ್ಲೂ ಇದ್ದಾರೆ. ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ೬೩-ಬಿ ಕಲಮಿನಂತೆ, ಕದ್ದ ತಂತ್ರಾಂಶವೆಂದು ತಿಳಿದೂ ಬಳಸಿದವರಿಗೆ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆವಾಸ, ೫೦,೦೦೦ ರೂಪಾಯಿಯಿಂದ ಎರಡು ಲಕ್ಷದವರೆಗೆ ದಂಡ ಉಂಟು. ಶಿಕ್ಷೆಯ ಮಾತು ಹಾಗಿರಲಿ. ಎಲ್ಲಿಂದಲೋ ಬಂದ ಪ್ರತಿಯನ್ನು ಯಾರು ಹೇಗೆ ತಿದ್ದಿದ್ದಾರೋ ಬಲ್ಲವರಿಲ್ಲ. ಆಸ್ಪತ್ರೆಯ ಆಮ್ಲಜನಕದ ಪೈಪಿನ ಲೆಕ್ಕವನ್ನು ಅಂಥದರ ಮೇಲೆ ನಿಲ್ಲಿಸುವ ಧೈರ್ಯ ಯಾರಿಗೂ ಬರಬಾರದು.

ಕೊಳ್ಳುವುದಕ್ಕಿಂತ ಮುಂಚೆ ಪರೀಕ್ಷೆ ಮಾಡಿ ನೋಡುವುದು ಹೇಗೆ? ಮಾರುವವರು ಸಾಮಾನ್ಯವಾಗಿ ಕೆಲವು ದಿನಗಳ ಪ್ರಾಯೋಗಿಕ ಬಳಕೆಗೆ ಒಪ್ಪುತ್ತಾರೆ. ಅವರು ತೋರಿಸುವ ಮಾದರಿ ಕಟ್ಟಡದಲ್ಲಿ ಎಲ್ಲವೂ ಸೊಗಸಾಗಿಯೇ ಇರುತ್ತದೆ. ಅದನ್ನು ನೋಡಿ ಮರುಳಾಗಬೇಡಿ. ಈಗಾಗಲೇ ಕಟ್ಟಿ ಮುಗಿದು ಜನ ವಾಸವಾಗಿರುವ ಒಂದು ಹಳೆಯ ಕೆಲಸವನ್ನು ತೆಗೆದುಕೊಳ್ಳಿ. ಅದರ ಲೆಕ್ಕವನ್ನು ಮೊದಲು ಕೈಯಿಂದ ಮಾಡಿ, ಆಮೇಲೆ ತಂತ್ರಾಂಶದಿಂದ ಮಾಡಿಸಿ. ಎರಡೂ ಕೂಡಿಬಂದರೆ ಸಂತೋಷ. ಕೂಡಿಬಾರದಿದ್ದರೆ ಏಕೆಂದು ಕಂಡುಹಿಡಿಯಿರಿ. ತಂತ್ರಾಂಶ ತನ್ನ ಹೆಜ್ಜೆಗಳನ್ನು ತೋರಿಸದೆ ಹೋದರೆ ಅಲ್ಲಿಗೇ ಅದರ ಪರೀಕ್ಷೆ ಮುಗಿಯಿತು. ಆಮೇಲೆ ಆ ಮನೆಗೆ ಹೋಗಿ ಮೇಲಿನ ನಲ್ಲಿಯನ್ನೂ ಕೆಳಗಿನ ನಲ್ಲಿಯನ್ನೂ ಒಟ್ಟಿಗೆ ತಿರುಗಿಸಿ ನೋಡಿ. ಬಕೆಟ್ಟು, ಗಡಿಯಾರ ಎರಡಿದ್ದರೆ ಸಾಕು. ಇದಕ್ಕಿಂತ ದೊಡ್ಡ ಪ್ರಯೋಗಶಾಲೆ ಬೇಡ.

ಒಳಹೋಗುವಾಗಲೇ ಹೊರಬರುವ ಬಾಗಿಲನ್ನೂ ನೋಡಿಟ್ಟುಕೊಳ್ಳಬೇಕು. ಕಟ್ಟಡ ಐವತ್ತು ವರ್ಷ ಬಾಳುತ್ತದೆ. ತಂತ್ರಾಂಶ ವರ್ಷ ವರ್ಷವೂ ವೇಷ ಬದಲಿಸುತ್ತದೆ. ರೆವಿಟ್‌ನ ಹೊಸ ಆವೃತ್ತಿಯಲ್ಲಿ ಬರೆದ ಕಡತವನ್ನು ಹಳೆಯ ಆವೃತ್ತಿ ತೆರೆಯುವುದಿಲ್ಲ. ಬಾಡಿಗೆ ನಿಂತ ದಿನ ನಿಮ್ಮದೇ ನಕ್ಷೆ ನಿಮಗೆ ಬೀಗ ಹಾಕಿದ ಪೆಟ್ಟಿಗೆಯಾಗಬಹುದು. ಯಾವ ಕಂಪನಿಗೂ ಸೇರದ, ಎಲ್ಲರೂ ಓದಬಲ್ಲ ಸಾರ್ವಜನಿಕ ರೂಪಗಳು ಉಂಟು, ಐ.ಎಫ್.ಸಿ. ಎಂಬುದು ಅಂಥದೊಂದು ಅಂತರರಾಷ್ಟ್ರೀಯ ಮಾನಕ. ಆ ರೂಪದಲ್ಲಿ, ಮತ್ತು ಸಾಮಾನ್ಯವಾದ ಪಿ.ಡಿ.ಎಫ್. ರೂಪದಲ್ಲಿ, ಕೆಲಸವನ್ನು ಹೊರತೆಗೆದಿಡಲು ಬರುತ್ತದೆಯೇ ಎಂಬುದನ್ನು ಮೊದಲ ದಿನವೇ ನೋಡಬೇಕು.

ಹಾಗಾದರೆ ನಮ್ಮ ಬೇಗೂರಿನ ತರುಣರಿಗೆ ನನ್ನ ಸಲಹೆ ಏನು? ಮೊದಲ ವರ್ಷ ನಕ್ಷೆ ಬರೆಯುವ ಒಂದು ನ್ಯಾಯವಾದ ತಂತ್ರಾಂಶ. ಲಿಬ್ರೆಕ್ಯಾಡ್‌ನಂಥ ಉಚಿತವಾದದ್ದೇ ಕೈಗೆ ಹೊಂದಿದರೆ ಇನ್ನೂ ಒಳ್ಳೆಯದು. ನೀರಿಗೆ ಎಪಾನೆಟ್, ಪಂಚಾಯಿತಿಯ ಕೆಲಸಕ್ಕೆ ಜಲತಂತ್ರ, ಬೆಳಕಿಗೆ ಡಿಯಾಲಕ್ಸ್. ತಂತಿ, ಪೈಪು, ಟ್ಯಾಂಕುಗಳ ಲೆಕ್ಕಕ್ಕೆ ತಾವೇ ಸಿದ್ಧಪಡಿಸಿದ ಕೋಷ್ಟಕ. ಅದರಲ್ಲಿ ಪ್ರತಿ ಅಂಕದ ಪಕ್ಕದಲ್ಲಿ ಅದು ಎಲ್ಲಿಂದ ಬಂತೆಂದು ಬರೆ. ಹವಾನಿಯಂತ್ರಣದ ದೊಡ್ಡ ಕೆಲಸ ಬಂದಾಗ ಅದಕ್ಕೆ ಬೇಕಾದದ್ದನ್ನು ತಿಂಗಳ ಬಾಡಿಗೆಗೆ ತರಬೇಕು, ಇಲ್ಲವೆ ಮೈಸೂರಿನ ತಜ್ಞರೊಬ್ಬರನ್ನು ಆ ಕೆಲಸದ ಮಟ್ಟಿಗೆ ಕೂಡಿಸಿಕೊಳ್ಳಬೇಕು. ಮೂರು ಆಯಾಮದ ದುಬಾರಿ ತಂತ್ರಾಂಶಕ್ಕೆ ವಾಸ್ತುಶಿಲ್ಪಿಗಳೇ ಬೇಡಿಕೆ ಇಟ್ಟು, ಅದಕ್ಕೆ ತಕ್ಕ ಶುಲ್ಕವನ್ನೂ ಕೊಟ್ಟಾಗ ಕೈಹಾಕಬಹುದು. ಅಷ್ಟರಲ್ಲಿ ಇಬ್ಬರಲ್ಲಿ ಒಬ್ಬರು ಅದನ್ನು ಕಲಿತಿರಬೇಕು. ಸಹಾಯಕ ಕೆಲಸ ಬಿಟ್ಟ ದಿನ ವಿದ್ಯೆಯೂ ಕಚೇರಿ ಬಿಟ್ಟು ಹೋಗಬಾರದು.

ಕಟ್ಟಿಸುವ ಯಜಮಾನರಿಗೂ ಒಂದು ಮಾತು. ಇಂಜಿನಿಯರು ಯಾವ ತಂತ್ರಾಂಶ ಬಳಸಿದರೆಂದು ನೀವು ಕೇಳಬೇಕಾಗಿಲ್ಲ. ಮೂರು ಕಾಗದಗಳನ್ನು ಮಾತ್ರ ಕೇಳಿ ಪಡೆಯಿರಿ. ನಿಮ್ಮ ಕಟ್ಟಡದಲ್ಲಿ ಎಷ್ಟು ಜನ, ಯಾವ ಹೊತ್ತಿಗೆ, ಎಷ್ಟು ನೀರು ಎಂದು ಅವರು ಎಣಿಸಿದ ಪಟ್ಟಿ ಒಂದು. ಆ ಎಣಿಕೆಯಿಂದ ಪೈಪಿಗೂ ತಂತಿಗೂ ಬಂದ ಲೆಕ್ಕದ ಹಾಳೆ ಇನ್ನೊಂದು. ಕೆಲಸ ಮುಗಿದ ಮೇಲೆ ಪೈಪು, ತಂತಿ ನಿಜವಾಗಿ ಎಲ್ಲೆಲ್ಲಿ ಹೋಗಿವೆಯೋ ಅದನ್ನು ತೋರಿಸುವ ನಕ್ಷೆ ಮೂರನೆಯದು. ಮೊದಲ ಪಟ್ಟಿಯನ್ನು ನೀವೇ ಓದಿ ನೋಡಿ. ನಿಮ್ಮ ಮನೆಯ, ನಿಮ್ಮ ಲಾಡ್ಜಿನ ದಿನಚರಿ ನಿಮಗೆ ಗೊತ್ತಿರುವಷ್ಟು ಯಾವ ತಂತ್ರಾಂಶಕ್ಕೂ ಗೊತ್ತಿಲ್ಲ. ತಪ್ಪಿದ್ದರೆ ಆಗಲೇ ಹೇಳಿ. ಆ ಹೊತ್ತಿನಲ್ಲಿ ತಿದ್ದಲು ಬೇಕಾಗುವುದು ಒಂದು ಪೆನ್ಸಿಲು, ಒಂದು ರಬ್ಬರು. ಆಮೇಲೆ ಹಾರೆಯೇ ಬೇಕಾಗುತ್ತದೆ.